ದೊರೆಯನ್ನು ಎಬ್ಬಿಸುವ ಕೆಲಸ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು ಅವನ ಕಸುಬು. ಊರಿನ ಅರ್ಧ ಜನ ಅವನು ಉಜ್ಜಿದ ಗಾಜಿನಲ್ಲೇ ಲೋಕ ನೋಡುತ್ತಿದ್ದರೂ ಅವನ ಮುಖ ಯಾರಿಗೂ ನೆನಪಿರುತ್ತಿರಲಿಲ್ಲ. ನೆನಪಿರುತ್ತಿದ್ದುದು ಅವನ ಗಾಡಿ. ಕಾರ್ಖಾನೆಗೆ ಯಂತ್ರ ಕೂರಿಸಲು ಹೊರದೇಶದಿಂದ ಬಂದಿದ್ದ ಇಂಜಿನಿಯರೊಬ್ಬ ಆ ಸೀಮೆಗಿಲ್ಲದ ಮೋಟಾರ್‌ಸೈಕಲನ್ನು ಹಡಗಿನಲ್ಲಿ ತರಿಸಿಕೊಂಡಿದ್ದ. ವಾಪಸು ಹೋಗುವಾಗ, ತನ್ನ ದಪ್ಪ ಕನ್ನಡಕ ಸರಿಮಾಡಿಕೊಟ್ಟವನಿಗೇ ಮಾರಿ ಹೋದ. ಆಗಿನ್ನೂ ಮದುವೆಯಾಗಿರದ ಇವನು ಹಿಂದುಮುಂದು ನೋಡದೆ ಕೂಡಿಟ್ಟದ್ದನ್ನೆಲ್ಲ ಅದರ ಮೇಲೆ ಸುರಿದ. ಓಣಿಯವರು ಗಾಡಿಗೆ ದೊರೆ ಎಂದು ಹೆಸರಿಟ್ಟರು. ಕರೆದ ತಕ್ಷಣ ಏಳುವ ಜಾಯಮಾನ ಅದರದಲ್ಲ, ಅದಕ್ಕೆ.

ದೊರೆಯ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಊರಿನ ಬೈಕುಗಳೆಲ್ಲ ಇದಕ್ಕೆ ಉಲ್ಟಾ. ಒಮ್ಮೆ ಭಾವಮೈದುನನ ಬೈಕು ತೆಗೆದುಕೊಂಡು ಹೊರಟವನು ಬ್ರೇಕೆಂದು ಗೇರು ತುಳಿದು, ತರಕಾರಿ ಗಾಡಿಗೆ ನುಗ್ಗಿ, ಟೊಮೇಟೊಗಳ ನಡುವೆ ಪಿಳಿಪಿಳಿ ಕಣ್ಣು ಬಿಡುತ್ತ ಕೂತಿದ್ದ. ಅವನ ಕಾಲು ಅಷ್ಟರಮಟ್ಟಿಗೆ ದೊರೆಗೆ ಒಗ್ಗಿಹೋಗಿತ್ತು. ಆಮೇಲೆ ಬೇರೆ ಬೈಕಿನ ಸಹವಾಸಕ್ಕೇ ಹೋಗಲಿಲ್ಲ. ದೊರೆ ಹೋದ ದಿನವೇ ತನ್ನ ಸವಾರಿಯೂ ಮುಗಿಯಿತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಎಬ್ಬಿಸುವುದಿದೆಯಲ್ಲ, ಅದೊಂದು ಕಸರತ್ತು. ಕಿಕ್ಕನ್ನು ಮೆಲ್ಲಗೆ ಇಳಿಸುತ್ತ ಗಟ್ಟಿ ಸಿಕ್ಕ ಕಡೆ ನಿಲ್ಲಿಸಬೇಕು. ಹ್ಯಾಂಡಲ್ಲಿನ ಪುಟ್ಟ ಹಿಡಿಯನ್ನು ಎಳೆದು ಎಂಜಿನ್ನಿನ ಬಿಗಿ ಸಡಿಲಿಸಿ, ಇನ್ನೊಂದು ಚೂರು ಇಳಿಸಬೇಕು. ಹಿಡಿ ಬಿಟ್ಟು, ಕಿಕ್ಕನ್ನು ಮೇಲೆ ಬರಗೊಟ್ಟು, ಆಮೇಲೆ ಮೈಯ ಭಾರವನ್ನೆಲ್ಲ ಹಾಕಿ ಒದೆಯಬೇಕು. ಹದ ತಪ್ಪಿದರೆ ಅದೇ ತಿರುಗಿ ಒದೆಯುತ್ತದೆ. ಹಾಗೆ ಒದೆಸಿಕೊಂಡೂ ಒದೆಸಿಕೊಂಡೂ ಅವನ ಮೊಣಕಾಲು ಕೆಟ್ಟುಹೋಯಿತು. ಡಾಕ್ಟರು ಇನ್ನು ಒದೆಯಕೂಡದು ಎಂದರು. ಆಗ ಮಾರಿದ್ದರೆ ಮುಗಿದಿತ್ತು. ಈ ಮಹಾಶಯ ಒದೆಯುವುದನ್ನು ಹೆಂಡತಿಗೆ ಕಲಿಸಿದ.

ಅವಳಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಬಿಸಿ ಆರದ ಚಾದರಗಳನ್ನು ದಿನವಿಡೀ ನಿಂತು ಮಡಚಬೇಕು. ಬೆಳಿಗ್ಗೆ ಬುತ್ತಿಚೀಲವನ್ನು ಮನೆಯ ಗೇಟಿಗೆ ನೇತುಹಾಕಿ, ಅವನು ಗಾಡಿಯ ಮೇಲೆ ಕೂತು ಹ್ಯಾಂಡಲ್ ಹಿಡಿದರೆ, ಇವಳು ಪಕ್ಕದಲ್ಲಿ ನಿಂತು ಒದೆಯುವಳು. ಎದುರುಮನೆಯಾಕೆ ಕಿಟಕಿಯಿಂದಲೇ ಕೇಳುವಳು: “ಏನಮ್ಮಾ, ದೊರೆ ಎದ್ರಾ?”

“ಎದ್ರು. ಮುಖ ತೊಳೀತಿದಾರೆ,” ಎಂದು ಇವಳು ಏದುಸಿರಿನಲ್ಲೇ ಉತ್ತರ ಕೊಡುವಳು.

ಸಂಜೆ ಆಸ್ಪತ್ರೆಯ ಗೇಟಿನಲ್ಲಿ, ನರ್ಸುಗಳ ಎದುರಿಗೆ, ಮತ್ತೆ ಇದೇ ಕಥೆ. ಅವನಿಗೋ ಎಲ್ಲಿಲ್ಲದ ಹೆಮ್ಮೆ. “ನನಗಿಂತ ಅವಳಿಗೇ ಗಾಡಿ ಅಂದ್ರೆ ಪ್ರಾಣ,” ಎಂದು ಅಂಗಡಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದ.

ಹೀಗೇ ವರ್ಷಗಳು ಉರುಳಿದವು. ಒಂದು ಬೆಳಿಗ್ಗೆ ಅವಳು ಒಂದು ಸಲ ಒದ್ದವಳೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ರೀ, ನಂಗಾಗಲ್ಲ.”

“ಸರಿ ಬಿಡು, ಇವತ್ತು ಆಟೋದಲ್ಲಿ ಹೋಗೋಣ.”

“ಇವತ್ತಿನ ಮಾತಲ್ಲ. ಇನ್ನು ಆಗಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎರಡು ಮಾತು ಜಗಳವಾಡಿ, ಸಂಜೆ ರಾಜಿಯಾಗಿ, ದೊರೆಯನ್ನು ಉಳಿಸಿಕೊಳ್ಳಬಹುದಿತ್ತು. ಬರೀ ಸುಸ್ತಿಗೆ ಏನು ಉತ್ತರ ಕೊಡುವುದು? ನಿಜ ಹೇಳಬೇಕೆಂದರೆ ಅವನೂ ಸೋತಿದ್ದ. ಎಲ್ಲೂ ಸಿಗದ ಬಿಡಿಭಾಗಗಳಿಗಾಗಿ ಗುಜರಿ ಅಂಗಡಿ ತಡಕಿ, ಕೈಯಾರೆ ವಾಷರ್ ಕತ್ತರಿಸಿ, ಭಾನುವಾರಗಳನ್ನೆಲ್ಲ ಎಣ್ಣೆಗೆ ಒಪ್ಪಿಸಿ ಸಾಕಾಗಿತ್ತು. ಆದರೂ ಕೈಬಿಡಲು ಮನಸ್ಸು ಬರದೆ ಕೆಲವು ದಿನ ಗಾಡಿಗೆ ಚಾದರ ಹೊದಿಸಿ ಇಟ್ಟ. ಆಮೇಲೆ, ಬಹಳ ಕಾಲದಿಂದ ಬೆನ್ನುಬಿದ್ದಿದ್ದ, ಹಳೆಯ ಗಾಡಿಗಳನ್ನು ಕೂಡಿಡುವ ಶ್ರೀಮಂತನಿಗೆ ತಾನೇ ಫೋನು ಮಾಡಿದ.

ಬಂದವನಿಗೆ ತೋರಿಸಲೆಂದು, ಡಾಕ್ಟರ ಮಾತನ್ನು ಗಾಳಿಗೆ ತೂರಿ, ತಾನೇ ಒದೆಯಲು ನಿಂತ. ಗಟ್ಟಿ ಸಿಗುವ ಜಾಗ ಕಾಲಿಗೆ ಸಿಗಲೇ ಇಲ್ಲ. ಹಿಡಿಯನ್ನು ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಎಂಬುದೂ ಕಲಸುಮೇಲೋಗರವಾಯಿತು. ಒದ್ದ, ಮತ್ತೆ ಒದ್ದ, ಮೊಣಕಾಲು ಹಿಡಿದುಕೊಂಡು ಬೆವರಿದ. ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಳ್ಳುತ್ತ ಬಂದು, “ಸರೀರಿ,” ಎಂದು ಅವನನ್ನು ಪಕ್ಕಕ್ಕೆ ನಿಲ್ಲಿಸಿ, ಒಂದೇ ಒದೆತಕ್ಕೆ ಎಬ್ಬಿಸಿದಳು.

“ಗಾಡಿ ಯಾರದು, ನಿಮ್ದಾ, ಅಮ್ಮಂದಾ?” ಎಂದು ಶ್ರೀಮಂತ ನಕ್ಕ.

“ಅವರದೇ ಸಾರ್. ಒದೆಯೋದಷ್ಟೇ ನಾನು,” ಎಂದು ಅವಳು ಒಳಗೆ ಹೋದಳು.

ವ್ಯಾನಿಗೆ ಹಲಗೆ ಹಾಕಿ ಗಾಡಿಯನ್ನು ಏರಿಸುವಾಗ ಅವನು ತಡೆಯಲಾರದೆ ಹೇಳಿದ: “ವಾರಕ್ಕೊಂದ್ಸಲನಾದ್ರೂ ಓಡ್ಸಿ ಸಾರ್.”

“ಓಡ್ಸೋದೆಲ್ಲಿ ಬಂತು? ಮನೆ ಹಾಲ್‌ನಲ್ಲಿ ನಿಲ್ಸ್ತೀನಿ. ನೋಡೋರು ನೋಡ್ತಾರೆ.”

ವ್ಯಾನು ತಿರುವಿನಲ್ಲಿ ಮರೆಯಾದ ಮೇಲೂ ಅವನು ಅಲ್ಲೇ ನಿಂತಿದ್ದ. ಹೆಂಡತಿ ಬಂದು ಪಕ್ಕದಲ್ಲಿ ನಿಂತಾಗ, ತನ್ನ ದುಃಖಕ್ಕೊಂದು ಜೊತೆ ಸಿಕ್ಕಿತೆಂದುಕೊಂಡ.

“ನಿಂಗೂ ಬೇಜಾರಾಯ್ತು, ಅಲ್ವಾ?”

“ಇಲ್ಲಪ್ಪ. ನಂಗೆ ಅದರ ಮೇಲೆ ಒಂದಿನಾನೂ ಇಷ್ಟ ಇರ್ಲಿಲ್ಲ.”

“ಮೊದ್ಲೇ ಹೇಳೋಕೇನಾಗಿತ್ತು?”

“ಹೇಳಿದ್ರೆ ಮಾರ್ತಿದ್ರಿ. ಮಾರಿ, ಸಪ್ಪೆ ಮುಖ ಹಾಕ್ಕೊಂಡು ದಿನಾ ನನ್ನೆದುರೇ ಕೂರ್ತಿದ್ರಿ. ಅದಕ್ಕಿಂತ ಒದೆಯೋದೇ ವಾಸಿ ಅನ್ನಿಸ್ತು.”

ಇಷ್ಟು ವರ್ಷ ತಾನು ಪ್ರೀತಿಯೆಂದು ಊರಿಗೆಲ್ಲ ಸಾರಿದ್ದು ಇವಳ ಸಹನೆಯನ್ನು ಎಂದು ತಿಳಿದು ಅವನಿಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರು. ಪುಣ್ಯಕ್ಕೆ ಸೀಟು ಸಿಕ್ಕಿತು. ಅವಳು ಕಿಟಕಿಯ ಪಕ್ಕ ಕೂತಳು, ಅವನು ಅವಳ ಪಕ್ಕ. ಮುಂದಿನ ನಿಲ್ದಾಣ ಬರುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು. ಬಾಯಿ ಚೂರು ತೆರೆದಿತ್ತು, ತಲೆ ಕಿಟಕಿಯ ಸರಳಿಗೆ ಬಡಿಯುತ್ತಿತ್ತು. ಅವನು ತಲೆಯನ್ನು ಮೆಲ್ಲಗೆ ತನ್ನ ಭುಜಕ್ಕೆ ಒರಗಿಸಿಕೊಂಡ. ಕಣ್ಣಿನ ಕೆಳಗಿನ ಕಪ್ಪು, ಬಿಸಿ ಬಟ್ಟೆ ಮಡಚಿ ಮಡಚಿ ಒರಟಾದ ಬೆರಳು, ಎಲ್ಲ ಅವನಿಗೆ ಈಗ ಹತ್ತಿರದಿಂದ ಕಂಡವು.

ಆಸ್ಪತ್ರೆಯ ನಿಲ್ದಾಣವೆಂದು ಕಂಡಕ್ಟರ್ ಕೂಗಿದಾಗ ಅವಳು ದಡಬಡಿಸಿ ಎದ್ದು ಕೂದಲು ಸರಿಮಾಡಿಕೊಂಡಳು.

“ನಿದ್ದೆ ಬಂದ್ಬಿಡ್ತು ನೋಡಿ. ಎಷ್ಟು ಸುಖವಾಗಿತ್ತು ಗೊತ್ತಾ!” ಎಂದು ನಗುತ್ತ ಇಳಿದು ಹೋದಳು.

ಅಷ್ಟು ವರ್ಷ ಬೆನ್ನ ಹಿಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿದ್ದರೂ, ಆ ಮಾತನ್ನು ಅವಳ ಬಾಯಿಂದ ಅವನು ಕೇಳಿದ್ದು ಅದೇ ಮೊದಲು.