ನೀರಿಗಿಳಿದ ಟೋಕನ್ ಅಕ್ಕ

ಊರಿನ ಈಜುಕೊಳದ ಬಾಗಿಲಲ್ಲಿ ಮೂವತ್ತೊಂದು ವರ್ಷ ಕೂತು ಟೋಕನ್ ಕೊಟ್ಟವಳು ಅವಳು. ಬಟ್ಟೆ ಇಡುವ ಕಪಾಟಿಗೊಂದು ಹಿತ್ತಾಳೆ ಬಿಲ್ಲೆ, ಒದ್ದೆಗಾಲಲ್ಲಿ ಓಡುವವರಿಗೊಂದು ಗದರಿಕೆ, ಟವೆಲ್ ಮರೆತು ಬಂದ ಮಕ್ಕಳಿಗೆ ತನ್ನದೇ ಹಳೇ ಟವೆಲ್. ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಬಾಯಲ್ಲೂ ಅವಳು ಟೋಕನ್ ಅಕ್ಕ. ಅಷ್ಟೂ ವರ್ಷದಲ್ಲಿ ಒಂದು ದಿನವೂ ನೀರಿಗಿಳಿದವಳಲ್ಲ. ಕೊಳದ ಮೆಟ್ಟಿಲ ಹತ್ತಿರ ಹೋಗಲೂ ಹೆದರಿಕೆ.

ಅರವತ್ತು ತುಂಬಿದಾಗ ಗೋಡೆ ಗಡಿಯಾರವೊಂದನ್ನು ಕೈಗಿಟ್ಟು ಕಳಿಸಿದರು. ಮಗ, ಸೊಸೆ ಕೆಲಸಕ್ಕೆ ಹೊರಟರೆ ಸಂಜೆಯವರೆಗೂ ಅವಳೂ ಆ ಗಡಿಯಾರವೂ ಮುಖ ಮುಖ ನೋಡಿಕೊಂಡು ಕೂರಬೇಕು. ಮೂರೇ ತಿಂಗಳಲ್ಲಿ ಮಂಡಿ ಹಿಡಿದುಕೊಂಡಿತು. ದಿನಾ ಅರ್ಧ ಗಂಟೆ ನೀರಿನಲ್ಲಿ ನಡೆಯಿರಿ ಎಂದರು ಡಾಕ್ಟರು.

"ಔಷಧಿ ಕೊಡಿ ಅಂದ್ರೆ ಶಿಕ್ಷೆ ಕೊಟ್ರಲ್ಲ ಅತ್ತೆ" ಎಂದು ಸೊಸೆ ನಕ್ಕಳು. ನಕ್ಕವಳೇ ಮರುದಿನ ತುಂಬುತೋಳಿನ ಈಜುಡುಗೆಯನ್ನೂ ತಂದುಕೊಟ್ಟಳು.

ಏಳು ವರ್ಷದವಳಿದ್ದಾಗ ನೀರಿಗೆ ಹೆದರಿ ಟೋಕನ್ ಅಕ್ಕನ ಮೇಜಿನಡಿ ಅವಿತಿದ್ದ ಹುಡುಗಿಯೇ ಈಗ ಆ ಕೊಳದಲ್ಲಿ ಕೋಚ್.

"ಅಕ್ಕಾ, ಕಂಬಿ ಬಿಡಿ."

"ನಿಂಗೇನು, ಬಿಡಿ ಅಂತೀಯ. ಮುಳುಗೋಳು ನಾನು."

"ಸೊಂಟದುದ್ದ ನೀರಲ್ಲಿ ಮುಳುಗೋಕೆ ತುಂಬಾ ಕಷ್ಟಪಡ್ಬೇಕು ಅಕ್ಕ."

ಬಾಗಿಲಲ್ಲಿ ಕೂತು ದಿನಬೆಳಗಾದರೆ ಕೇಳಿಸಿಕೊಂಡ ಪಾಠ. ಕಿವಿಗೆಲ್ಲ ಬಾಯಿಪಾಠ, ಮೈಗೆ ಮಾತ್ರ ಒಂದಕ್ಷರವೂ ಬಾರದು. ಇಪ್ಪತ್ತು ದಿನ ಕಂಬಿ ಹಿಡಿದೇ ನಡೆದಳು. ಇಪ್ಪತ್ತೊಂದನೆಯ ದಿನ ಬಿಟ್ಟಳು. ಐದನೇ ತಿಂಗಳು ಈ ತುದಿಯಿಂದ ಆ ತುದಿಗೆ ಈಜಿ, ಗೋಡೆ ಹಿಡಿದು, ಅಳುವೋ ನಗುವೋ ತಿಳಿಯದೆ ನಿಂತಳು. ಮಂಡಿನೋವಿನ ನೆನಪೇ ಇರಲಿಲ್ಲ.

ಆಮೇಲೆ ಅವಳ ಕಣ್ಣಿಗೆ ಬಿದ್ದದ್ದು ಬೆಂಚುಗಳು. ಮೊಮ್ಮಕ್ಕಳ ಚೀಲ ಮಡಿಲಲ್ಲಿಟ್ಟುಕೊಂಡು ನೀರನ್ನೇ ನೋಡುತ್ತ ಕೂತಿದ್ದ ತನ್ನ ವಾರಿಗೆಯ ಹೆಂಗಸರು. ನೇರ ಮ್ಯಾನೇಜರ್ ಬಳಿ ಹೋದಳು.

"ಮಧ್ಯಾಹ್ನ ಎರಡು ಗಂಟೆ ಕಾಲ ಕೊಳ ಖಾಲಿ ಬಿದ್ದಿರುತ್ತೆ. ಆ ಹೊತ್ತು ನಂಗೆ ಕೊಡಿ ಸಾರ್. ಹೆದರೋ ಹೆಂಗಸರಿಗೆ ನಾನು ಕಲಿಸ್ತೀನಿ."

"ಕಲಿಸೋರಿಗೆ ಸರ್ಟಿಫಿಕೇಟ್ ಬೇಕು. ಎಂಟು ಸಲ ಕೊಳದ ಉದ್ದ ಈಜಿ, ಆಳದ ತಳದಿಂದ ರಬ್ಬರ್ ಇಟ್ಟಿಗೆ ಎತ್ತಿ ತರಬೇಕು. ವಯಸ್ಸಿಗೆ ರಿಯಾಯಿತಿ ಇಲ್ಲ."

"ರಿಯಾಯಿತಿ ಕೇಳಿದೋರು ಯಾರು?"

ಮೊದಲ ಪರೀಕ್ಷೆಯಲ್ಲಿ ಇಪ್ಪತ್ತರ ಹರೆಯದವರ ಸಾಲಿನಲ್ಲಿ ನಿಂತಳು. ಎಂಟು ಸಲವೂ ಈಜಿದಳು. ಆದರೆ ಅರ್ಧ ಆಳಕ್ಕಿಳಿಯುವಷ್ಟರಲ್ಲಿ ಕಿವಿ ಸೀಳಿಹೋದಂತಾಗಿ ಬರಿಗೈಲಿ ಮೇಲೆ ಬಂದಳು. ಆ ವಾರವೆಲ್ಲ ಕೊಳದ ಕಡೆ ಸುಳಿಯಲಿಲ್ಲ. ಸೋಮವಾರ ಕೋಚ್ ತಾನೇ ಫೋನ್ ಮಾಡಿದಳು.

"ಬನ್ನಿ ಅಕ್ಕ. ಮೂಗು ಹಿಡಿದು ಮೆಲ್ಲಗೆ ಊದಿದ್ರೆ ಕಿವಿಯ ಒತ್ತಡ ಬಿಡುತ್ತೆ, ಹೇಳಿಕೊಡ್ತೀನಿ. ತಲೆ ಮೊದಲು ಹೋಗ್ಲಿ, ಕಾಲು ತಾನಾಗೇ ಹಿಂದೆ ಬರುತ್ತೆ."

ಆರು ತಿಂಗಳು ಅದೊಂದೇ ಜಪ. ಎರಡನೇ ಪರೀಕ್ಷೆಯ ದಿನ ಅವಳು ತಳ ಮುಟ್ಟಿದಾಗ ಮೇಲಿನ ಗದ್ದಲವೆಲ್ಲ ನಿಂತುಹೋಗಿತ್ತು. ಇಟ್ಟಿಗೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡು, ತಳಕ್ಕೆ ಕಾಲೊದ್ದು ಮೇಲೆ ಬಂದಳು.

"ವಯಸ್ಸೆಷ್ಟಮ್ಮ?" ಎಂದರು ಪರೀಕ್ಷಕರು ಬೆರಗಾಗಿ.

"ಇಟ್ಟಿಗೆ ಸರಿಯಿದೆಯಾ ನೋಡ್ಕೊಳ್ಳಿ ಸಾರ್. ವಯಸ್ಸು ಅರ್ಜೀಲಿದೆ."

ತರಗತಿಯ ಮೊದಲ ಮಧ್ಯಾಹ್ನ ಬಂದದ್ದು ಒಬ್ಬಳೇ, ಅವಳ ಬೀಗಿತ್ತಿ. ಸೊಸೆಯೇ ಅಮ್ಮನನ್ನು ಪುಸಲಾಯಿಸಿ ಕಳಿಸಿದ್ದಳು. ಹನ್ನೆರಡು ವರ್ಷದ ಸಂಬಂಧದಲ್ಲಿ "ಊಟ ಆಯ್ತಾ" ದಾಟಿ ಮಾತಾಡದ ಇಬ್ಬರು ಸೊಂಟದುದ್ದ ನೀರಿನಲ್ಲಿ ಕೈ ಕೈ ಹಿಡಿದು ನಿಂತರು.

"ಬೀಗ್ರೇ, ನಂಗೇನಾದ್ರೂ ಆದ್ರೆ?"

"ಆಗಕ್ಕೆ ಬಿಡಲ್ಲ. ತಳದಿಂದ ಇಟ್ಟಿಗೆ ಎತ್ತಿ ತಂದೋಳು, ನಿಮ್ಮನ್ನ ಬಿಡ್ತೀನಾ?"

ಬೀಗಿತ್ತಿ ಮುಖ ನೀರಿಗಿಟ್ಟು, ಕೆಮ್ಮಿ, ನಕ್ಕು, ಮತ್ತೆ ಇಟ್ಟಳು. ಮರುವಾರ ಬೆಂಚಿನಿಂದ ಮೂವರು ಎದ್ದು ಬಂದರು. ವರ್ಷ ತುಂಬುವ ಹೊತ್ತಿಗೆ ಮೂವತ್ತಾರು ಮಂದಿಯಾಗಿ, ಆ ಎರಡು ಗಂಟೆ ಸಾಲದೆ, ಮ್ಯಾನೇಜರೇ ಅವಳನ್ನು ಹುಡುಕಿಕೊಂಡು ಬಂದು ಬೆಳಗಿನ ಹೊತ್ತೂ ತೆಗೆದುಕೊಳ್ಳಿ ಎಂದರು.