ಹದಿಮೂರು ಕುಡ್ತೆ ಅಕ್ಕಿ

ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಹೋಂಸ್ಟೇ ತೆರೆಯುವ ಆಸೆ ಹೊತ್ತವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಕೋಣೆಗಳನ್ನು ನೋಡಿ, ಹೊರಡುವ ಮೊದಲು ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: "ನಿಮ್ಮದು ಇಷ್ಟು ಚೆನ್ನಾಗಿ ನಡೀಲಿಕ್ಕೆ ಕಾರಣ ಎಂತ?" ನಾನು ಒಂದು ಪಟ್ಟಿ ಒಪ್ಪಿಸುತ್ತೇನೆ. ನೀರು ಬೇಕು, ಒಳ್ಳೆಯ ಬಚ್ಚಲು ಬೇಕು, ದಾರಿ ಸುಲಭವಾಗಿರಬೇಕು, ಮನೆಯ ಅಡುಗೆ ಕೊಡಬೇಕು, ಮಾಡುವವರ ಮುಖದಲ್ಲಿ ನಗು ಇರಬೇಕು. ಅವರು ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಒಂದು ವಿಷಯವನ್ನು ಮಾತ್ರ ನಾನು ಇವತ್ತಿನ ತನಕ ಯಾರಿಗೂ ಬರೆಸಿಲ್ಲ. ಅದನ್ನು ಹೇಳಿದರೆ ಪಟ್ಟಿಯ ಉಳಿದ ಮಾತುಗಳನ್ನೂ ಅವರು ನಂಬಲಿಕ್ಕಿಲ್ಲ.

ಇಂಥದ್ದನ್ನೆಲ್ಲ ನಾನೇ ನಂಬುತ್ತಿರಲಿಲ್ಲ. ನಮ್ಮ ಅಜ್ಜಿ ಜಿನ್ನುಗಳ ಕತೆ ಹೇಳುವಾಗ ಉಳಿದ ಮಕ್ಕಳೆಲ್ಲ ಹೆದರಿ ಮುದುಡಿಕೊಂಡರೆ ನಾನೊಬ್ಬ ಅಡ್ಡಪ್ರಶ್ನೆ ಕೇಳಿ ಬೈಸಿಕೊಳ್ಳುತ್ತಿದ್ದೆ. ದೊಡ್ಡವನಾದ ಮೇಲೆ ಇಪ್ಪತ್ತೆರಡು ವರ್ಷ ಗಲ್ಫಿನ ಹೋಟೆಲೊಂದರಲ್ಲಿ ದುಡಿದೆ. ಮೊದಲು ಉಗ್ರಾಣದಲ್ಲಿ, ಆಮೇಲೆ ಮುಂಬಾಗಿಲಿನ ಕೌಂಟರಿನಲ್ಲಿ. ಉಗ್ರಾಣದಲ್ಲಿ ಕೆಲಸ ಮಾಡಿದವನಿಗೆ ನಂಬಿಕೆ ಎಂದರೆ ಚೀಟಿ. ಡಬ್ಬದ ಮೇಲೆ ಚೀಟಿ ಇದ್ದರೆ ಒಳಗೆ ಸಾಮಾನು ಇದೆ, ಇಲ್ಲದಿದ್ದರೆ ಇಲ್ಲ. ಪದಾರ್ಥ, ಅಳತೆ, ಎಷ್ಟು ಜನಕ್ಕೆ ಎಂದು ಬರೆದು, ಅಂಕಿಯನ್ನು ಯಾರೂ ತಿದ್ದದ ಹಾಗೆ ಅಡಿಯಲ್ಲಿ ಎರಡು ಗೆರೆ ಎಳೆಯುವುದು ನನ್ನ ಅಭ್ಯಾಸ. ಊರಿಗೆ ಬಂದ ಮೇಲೂ ಅದು ಬಿಡಲಿಲ್ಲ. ಉಪ್ಪಿನಕಾಯಿ ಭರಣಿಗೂ ನಾನು ಚೀಟಿ ಅಂಟಿಸಿದ್ದನ್ನು ನೋಡಿ ನನ್ನ ಹೆಂಡತಿ ಮೈಮೂನಾ, "ನನ್ನ ಹಣೆಗೂ ಒಂದು ಅಂಟಿಸಿ ಬಿಡಿ" ಎಂದಿದ್ದಳು.

ಅರಂತೋಡಿನಿಂದ ಸ್ವಲ್ಪ ಮುಂದೆ, ಮಡಿಕೇರಿಗೆ ಹೋಗುವ ರಸ್ತೆಯ ಬದಿಯಲ್ಲೇ ನಮ್ಮ ಮನೆ. ಮಗಳು ಮದುವೆಯಾಗಿ ಉಪ್ಪಿನಂಗಡಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ, ಮೂರು ಕೋಣೆ ಖಾಲಿ. ನಾನು ಗಲ್ಫ್ ಬಿಟ್ಟು ಬಂದು ಹೋಂಸ್ಟೇ ಶುರು ಮಾಡಿದೆ. ಒಂದು ದಿನದ ತರಬೇತಿಗೆ ಹೋಗಿ, ಅಲ್ಲಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಬಿಳಿ ಹಾಸಿಗೆ, ಬಿಸಿನೀರು, ವಯಸ್ಸಾದವರು ಹಿಡಿದುಕೊಳ್ಳಲು ಬಚ್ಚಲಿನಲ್ಲಿ ಸ್ಟೀಲಿನ ಸರಳು, ಸಸ್ಯಾಹಾರಿಗಳಿಗೆ ಹಸಿರು ಟೇಪು ಸುತ್ತಿದ ಬೇರೆಯೇ ಪಾತ್ರೆಗಳು. ತರಬೇತಿಯಲ್ಲಿ ಹೇಳದೆ ಇದ್ದದ್ದನ್ನೂ ಮಾಡಿದೆ. ಪ್ರತಿ ಕೋಣೆಯ ಬಾಗಿಲಿಗೆ ಹನ್ನೊಂದು ನಿಯಮಗಳ ಹಾಳೆ ಹಾಕಿದೆ. ಬೆಳಗ್ಗೆಗೆ ಬ್ರೆಡ್ಡು, ಜಾಮು, ಆಮ್ಲೆಟ್ ಎಂದು ಗೊತ್ತುಮಾಡಿದೆ. ಮೈಮೂನಾ ನೀರುದೋಸೆ ಮಾಡುತ್ತೇನೆಂದರೆ, "ಅದೆಲ್ಲ ನಮಗೆ ಮಾತ್ರ. ಗೆಸ್ಟುಗಳಿಗೆ ಸ್ಟ್ಯಾಂಡರ್ಡ್ ಇರ್ಬೇಕು" ಎಂದು ಬಾಯಿ ಮುಚ್ಚಿಸಿದೆ.

ಬಂದವರು ಬಂದರು. ಮತ್ತೊಮ್ಮೆ ಬಂದವರು ಯಾರೂ ಇಲ್ಲ. ರಸ್ತೆ ಬದಿ ಎಂದು ಕೆಲವರು, ಹಾರ್ನಿನ ಸದ್ದು ಎಂದು ಕೆಲವರು ಫೋನಿನಲ್ಲಿ ಬರೆದು ಹಾಕಿದರು. ಒಬ್ಬರಂತೂ ಮನೆಯಲ್ಲಿ ಉಳಿಯಲು ಬಂದರೆ ಆಸ್ಪತ್ರೆಯಲ್ಲಿ ಉಳಿದ ಹಾಗಾಯಿತು ಎಂದು ಬರೆದರು. ಹತ್ತು ತಿಂಗಳು ನಾನು ಜಗಲಿಯಲ್ಲಿ ನೊಣ ಹೊಡೆಯುತ್ತ ಕೂತೆ. ಅಷ್ಟರಲ್ಲಿ ಗಲ್ಫಿನ ಹಳೆಯ ಹೋಟೆಲಿನವರು ಮತ್ತೆ ಕರೆದರು. ವೀಸಾ ಬಂತು, ಟಿಕೆಟೂ ಆಯಿತು. ಮೈಮೂನಾಳಿಗೆ ಹೇಳಿದಾಗ ಅವಳು "ಆಯ್ತು" ಎಂದಳು. ಇಪ್ಪತ್ತೆರಡು ವರ್ಷವೂ ಪ್ರತಿ ರಜೆಯ ಕೊನೆಗೆ ಅವಳು ಹೇಳಿದ್ದು ಅದೊಂದೇ ಮಾತು. ಅವಳಿಗೂ ಅದೇ ಸರಿ ಕಾಣುತ್ತಿರಬೇಕು ಎಂದು ನಾನು ಅಂದುಕೊಂಡಿದ್ದೆ.

ಇನ್ನು ಐದು ದಿನಕ್ಕೆ ಹೊರಡಬೇಕು ಎನ್ನುವಾಗ ಗೇಟಿನ ಬೋರ್ಡು ಬಿಚ್ಚಿ ಕೊಟ್ಟಿಗೆಯಲ್ಲಿಟ್ಟೆ. ಅವತ್ತು ಸಂಜೆ ಮಗ್ರಿಬ್ ನಮಾಜು ಮುಗಿಸಿ ಬಂದಾಗ ಮೈಮೂನಾ ನನ್ನ ಬಟ್ಟೆಗಳನ್ನು ಮಡಚಿ ಸೂಟ್‌ಕೇಸಿಗೆ ಇಡುತ್ತಿದ್ದಳು. ತಲೆ ಎತ್ತದೆ, "ನಾಳೆಗೆ ಸ್ವಲ್ಪ ಅಕ್ಕಿ ನೆನೆ ಹಾಕಿ" ಎಂದಳು. ನಮ್ಮಲ್ಲಿ ಅಕ್ಕಿ ಅಳೆಯಲು ಹಿಂದಿನಿಂದ ಬಂದ ಒಂದು ಕಂಚಿನ ಕುಡ್ತೆ ಇದೆ. ಒಂದು ಕುಡ್ತೆ ಬೆಳ್ತಿಗೆ ಅಕ್ಕಿಯ ನೀರುದೋಸೆ ಇಬ್ಬರಿಗೆ ಸಾಕು. ನಾನು ಒಂದು ಕುಡ್ತೆ ಅಳೆದೆ. ಸಣ್ಣ ಸ್ಟೀಲ್ ಪಾತ್ರೆಗೆ ಹಾಕಿ, ತೊಳೆದು, ನೀರು ಬಿಟ್ಟು ಮುಚ್ಚಿದೆ. ಮುಚ್ಚಳದ ಮೇಲೆ ಚೀಟಿ ಅಂಟಿಸಿದೆ: ಅಕ್ಕಿ, 1 ಕುಡ್ತೆ, 2 ಜನ. ಇದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ಊಟ ಮಾಡಿ ಇಬ್ಬರೂ ಬೇಗ ಮಲಗಿದೆವು.

ಬೆಳಗ್ಗೆ ಸುಬ್ಹಿ ನಮಾಜಿನ ನಂತರ ಮೈಮೂನಾ ಅಡುಗೆಮನೆಯಿಂದ ಕರೆದಳು. ಅವಳ ಧ್ವನಿಯಲ್ಲಿ ಸಿಟ್ಟಿತ್ತು. "ಇದೆಂತ ಇದು? ಊರಿಗೆಲ್ಲ ಊಟ ಹಾಕಿ ಹೋಗುದಾ ನೀವು?"

ಒಲೆಯ ಪಕ್ಕ ನಮ್ಮ ದೊಡ್ಡ ಅಲ್ಯೂಮಿನಿಯಂ ಪಾತ್ರೆ ಇತ್ತು. ಅದರಲ್ಲಿ ಅರ್ಧಕ್ಕಿಂತ ಮೇಲೆ ನೆನೆದು ಬೆಳ್ಳಗೆ ಉಬ್ಬಿದ ಅಕ್ಕಿ. ಸಣ್ಣ ಸ್ಟೀಲ್ ಪಾತ್ರೆ ತೊಳೆದು, ಒಣಗಿ, ತನ್ನ ಜಾಗದಲ್ಲಿ ಕವುಚಿಕೊಂಡಿತ್ತು. ದೊಡ್ಡ ಪಾತ್ರೆಯ ಮುಚ್ಚಳದ ಮೇಲೊಂದು ಚೀಟಿ: ಅಕ್ಕಿ, 13 ಕುಡ್ತೆ, 26 ಜನ. ಅಂಕಿಯ ಅಡಿಯಲ್ಲಿ ಎರಡು ಗೆರೆ. ಅಕ್ಷರ ನನ್ನದೇ.

ಆ ದೊಡ್ಡ ಪಾತ್ರೆ ಅಟ್ಟದಲ್ಲಿತ್ತು. ಮಗಳ ಮದುವೆಯ ಮರುದಿನ ಕೆಲಸದವರ ಕೈಯಲ್ಲಿ ಮೇಲೆ ಹಾಕಿಸಿದ್ದು, ಮತ್ತೆ ಇಳಿಸಿದ್ದಿಲ್ಲ. ನನ್ನ ಬಲ ಮೊಣಕಾಲು ಏಣಿಯ ಎರಡನೆಯ ಮೆಟ್ಟಿಲಿಗೇ ಕೈಕೊಡುತ್ತದೆ. ಮೈಮೂನಾ ಸ್ಟೂಲು ಹತ್ತಲೂ ಹೆದರುವವಳು. ಬಾಗಿಲುಗಳೆಲ್ಲ ಒಳಗಿಂದ ಚಿಲಕ ಹಾಕಿದ ಹಾಗೇ ಇದ್ದವು. ನಾನು ಅವಳನ್ನು ಕೇಳಿದೆ, ಅವಳು ನನ್ನನ್ನು ಕೇಳಿದಳು. ಇಬ್ಬರೂ ಅಲ್ಲಾಹನ ಹೆಸರು ಹೇಳಿ ಆಣೆ ಇಟ್ಟೆವು. ಅಕ್ಕಿ ಚೀಲ ತೆರೆದು ನೋಡಿದರೆ ಸರಿಯಾಗಿ ಅಷ್ಟು ಕೆಳಗಿಳಿದಿತ್ತು. ಕೊನೆಗೆ ಅವಳೇ, "ನೆನೆದ ಅಕ್ಕಿಯನ್ನು ಬಿಸಾಡ್ಲಿಕ್ಕೆ ಆಗ್ತದಾ? ಅರೀತೇನೆ. ಅಕ್ಕಪಕ್ಕದವರಿಗೆ ಹಿಟ್ಟು ಕೊಡುವ" ಎಂದು ಗ್ರೈಂಡರ್ ಹಾಕಿದಳು.

ಹಿಟ್ಟು ಅರೆದು ಮುಗಿಯುವ ಹೊತ್ತಿಗೆ ಹೊರಗೆ ಹಾರ್ನುಗಳ ಗದ್ದಲ ಕೇಳಿತು. ಹೋಗಿ ನೋಡಿದರೆ ರಸ್ತೆಯಲ್ಲಿ ವಾಹನಗಳ ಸಾಲು. ಸಂಪಾಜೆಯ ಕಡೆ ತಿರುವಿನಲ್ಲಿ ಒಂದು ಲಾರಿ ಅಡ್ಡ ಸಿಕ್ಕಿಕೊಂಡಿದೆ, ಅದನ್ನು ಎಳೆಯಲು ಕ್ರೇನು ಬರಬೇಕು, ಎರಡು ಮೂರು ಗಂಟೆ ಬೇಕು ಎಂದರು. ಸರಿಯಾಗಿ ನಮ್ಮ ಗೇಟಿನ ಎದುರು ಹೂವಿನ ಮಾಲೆ ಹಾಕಿದ ಎರಡು ವ್ಯಾನುಗಳು ನಿಂತಿದ್ದವು. ಒಂದರಿಂದ ನಡುವಯಸ್ಸಿನ ಒಬ್ಬರು ಇಳಿದು ಬಂದು ಸಂಕೋಚದಿಂದ ಕೇಳಿದರು, "ಮಾರಾಯ್ರೆ, ನಮ್ಮ ಅಜ್ಜಿಗೆ ಸ್ವಲ್ಪ ಬಚ್ಚಲಿಗೆ ಹೋಗ್ಬೇಕಿತ್ತು. ನಿಮ್ಮಲ್ಲಿ ಉಂಟಾ?"

ಹತ್ತು ತಿಂಗಳಿಂದ ಆ ಪ್ರಶ್ನೆಗಾಗಿಯೇ ಕಾಯುತ್ತಿದ್ದ ಮನುಷ್ಯ ನಾನು. ಅಜ್ಜಿಯನ್ನು ಕೈಹಿಡಿದು ಕರೆತಂದೆ. ಅವರು ಸ್ಟೀಲಿನ ಸರಳು ಹಿಡಿದು ಕೂತು ಎದ್ದು ಬಂದು, ಅಂಥ ಬಚ್ಚಲನ್ನು ತಾನು ಆಸ್ಪತ್ರೆಯಲ್ಲೂ ನೋಡಿಲ್ಲ ಎಂದು ಹರಸಿದರು. ಅದು ಆಲೆಟ್ಟಿಯ ಗೌಡರ ಮದುವೆ ದಿಬ್ಬಣ. ಮದುಮಗನ ಕಡೆಯವರು ಮಡಿಕೇರಿಯ ಮದುವೆ ಮಂಟಪಕ್ಕೆ ಹೊರಟಿದ್ದರು. ಮುಹೂರ್ತ ಹನ್ನೆರಡರ ಮೇಲೆ, ತಿಂಡಿ ಹೆಣ್ಣಿನ ಮನೆಯವರದು ಎಂದು ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಬಂದಿದ್ದರು. ವ್ಯಾನಿನಲ್ಲಿ ಮಕ್ಕಳು ಅಳುತ್ತಿದ್ದವು.

ಮೈಮೂನಾ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. "ಎಷ್ಟು ಜನ ಇದ್ದೀರಿ?" ಎಂದು ನಾನು ಕೇಳಿದೆ. ಕೇಳುವಾಗ ಚೀಟಿಯ 26 ನನ್ನ ಕಣ್ಣ ಮುಂದೆಯೇ ಇತ್ತು.

ಅವರು ಲೆಕ್ಕ ಹಾಕಿದರು. ನಾನೂ ಹಾಕಿದೆ. ಇಪ್ಪತ್ತಮೂರು. ನಾವಿಬ್ಬರು ಸೇರಿದರೆ ಇಪ್ಪತ್ತೈದು. ನಿಮಗೆ ವಿಚಿತ್ರ ಅನಿಸಬಹುದು, ನನಗೆ ಹೋದ ಜೀವ ಬಂದಂತಾಯಿತು. ಚೀಟಿ ತಪ್ಪಾಗಿತ್ತು. ಒಂದು ತಲೆಯ ವ್ಯತ್ಯಾಸ ಸಾಕು, ಜಗತ್ತು ಮತ್ತೆ ನನ್ನ ಹಿಡಿತಕ್ಕೆ ಬಂದ ಹಾಗೆ. ನಗುತ್ತ, "ಬನ್ನಿ, ನೀರುದೋಸೆ ಉಂಟು" ಎಂದೆ.

ನಡುವಯಸ್ಸಿನವರು ಒಂದು ಕ್ಷಣ ತಡೆದರು. ಮದುವೆ ಮುಗಿಯುವ ತನಕ ಮೀನು ಮಾಂಸ ಸೋಕಬಾರದು ಎಂದು ಹೇಳಲೂ ಆಗದೆ ಬಿಡಲೂ ಆಗದೆ ಒದ್ದಾಡುತ್ತಿದ್ದರು. ನಾನು ಹಸಿರು ಟೇಪಿನ ಪಾತ್ರೆಗಳನ್ನು ತಂದು ಜಗಲಿಯಲ್ಲಿ ಸಾಲಾಗಿ ಇಟ್ಟೆ. ಅಜ್ಜಿ ಅವರಿಗೆ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಏನೋ ಗದರಿ, ಸೀರೆಯ ಸೆರಗು ಸಿಕ್ಕಿಸಿಕೊಂಡು ಸೀದಾ ಅಡುಗೆಮನೆಗೆ ನಡೆದರು. ಅಲ್ಲಿಗೆ ವಿಷಯ ಇತ್ಯರ್ಥವಾಯಿತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ರೇಷ್ಮೆ ಸೀರೆಯ ಹೆಂಗಸರು ನಮ್ಮ ಅಡುಗೆಮನೆ ತುಂಬ. ಒಬ್ಬಳು ಕಾಯಿ ತುರಿದಳು, ಒಬ್ಬಳು ಬೆಲ್ಲ ಜಜ್ಜಿದಳು, ಇಬ್ಬರು ಮೈಮೂನಾಳ ಜೊತೆ ಮೂರು ಕಾವಲಿಗಳ ಮೇಲೆ ದೋಸೆ ಹೊಯ್ದರು. ಮದುಮಗ ಪಂಚೆ ಮುದ್ದೆಯಾಗಬಾರದೆಂದು ಜಗಲಿಯಲ್ಲಿ ನಿಂತೇ ತಿಂದ. ಅವನ ಕುತ್ತಿಗೆಗೆ ನಮ್ಮ ಬಿಳಿ ಹೋಟೆಲ್ ಟವೆಲು ಕಟ್ಟಿದ್ದರು. ಮದುವೆಯ ಫೋಟೋದವನು ಅದನ್ನೇ ಹತ್ತಾರು ಸಲ ಕ್ಲಿಕ್ಕಿಸಿದ. ಮಕ್ಕಳು ಬಾಗಿಲಿನ ಹನ್ನೊಂದು ನಿಯಮಗಳನ್ನು ಗಟ್ಟಿಯಾಗಿ ಓದಿ, ಒಂದೊಂದನ್ನೇ ಮುರಿಯುತ್ತ ಹೋದರು. ನಮ್ಮ ಮನೆಯಲ್ಲಿ ಅಷ್ಟು ಸದ್ದಾಗಿದ್ದು ಮಗಳ ಮದುವೆಯ ನಂತರ ಅದೇ ಮೊದಲು. ನಾನು ಓಡಾಡಿ ಬಡಿಸಿದೆ, ಮೊಣಕಾಲಿನ ನೋವು ನೆನಪಿಗೇ ಬರಲಿಲ್ಲ.

ಎಲ್ಲರೂ ಕೈ ತೊಳೆದಾಗ ಪಾತ್ರೆಯಲ್ಲಿ ಇನ್ನೂ ಸ್ವಲ್ಪ ಹಿಟ್ಟು ಉಳಿದಿತ್ತು. ಅಷ್ಟರಲ್ಲಿ ಗೇಟಿನಿಂದ ಬೆವರೊರೆಸಿಕೊಳ್ಳುತ್ತ ಒಬ್ಬ ಬಂದ. ಎರಡನೆಯ ವ್ಯಾನಿನ ಡ್ರೈವರ್. ಲಾರಿ ಎಳೆಯುವುದನ್ನು ನೋಡಲು ಇಳಿದು ನಡೆದುಹೋದವನನ್ನು ಎಲ್ಲರೂ ಮರೆತಿದ್ದರು. "ಅಣ್ಣ, ನನಗೆ ಎಂತಾದ್ರು ಉಂಟಾ?" ಎಂದ. ಇಪ್ಪತ್ತನಾಲ್ಕು. ಅವನು ತಿಂದ ಮೇಲೆ ನನಗೂ ಮೈಮೂನಾಳಿಗೂ ಆಗುವಷ್ಟು ದೋಸೆ ಆಯಿತು. ಪಾತ್ರೆಯ ತಳ ಸವರಿದರೂ ಮತ್ತೊಂದಾಗುತ್ತಿರಲಿಲ್ಲ. ನಾವಿಬ್ಬರೂ ಸೇರಿ ಸರಿಯಾಗಿ ಇಪ್ಪತ್ತಾರು.

ಅಡುಗೆಮನೆಯಲ್ಲಿ ನಾನು ತಿನ್ನುವಾಗ ಅಜ್ಜಿ ನನ್ನ ಪಕ್ಕದಲ್ಲೇ ಕೂತಿದ್ದರು. "ಇದು ಹೋಟ್ಲಾ ಮಗ?" ಎಂದು ಕೇಳಿದರು.

"ಹೋಂಸ್ಟೇ ಆಗಿತ್ತು ಅಜ್ಜಿ. ಬೋರ್ಡು ತೆಗ್ದಾಯ್ತು. ಈ ವಾರ ನಾನು ಗಲ್ಫಿಗೆ ಹೋಗುದು."

ಒಲೆಯ ಹತ್ತಿರ ಬೆನ್ನು ಮಾಡಿ ನಿಂತಿದ್ದ ಮೈಮೂನಾ ಕಾವಲಿ ಒರೆಸುತ್ತಲೇ ಹೇಳಿದಳು, "ಇಲ್ಲ ಅಜ್ಜಿ. ಅವರು ಹೋಗುದಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಮಾತು ಹೇಳಿದ್ದು ಅದೇ ಮೊದಲು. ಅದೂ ಪರಿಚಯವಿಲ್ಲದ ಇಷ್ಟೊಂದು ಜನರ ಎದುರು. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಅಜ್ಜಿ ನನ್ನ ಬೆನ್ನು ತಟ್ಟಿ, "ಹೆಂಡತಿ ಹೇಳಿದ ಮೇಲೆ ಮುಗೀತಲ್ಲ" ಎಂದರು. ಹತ್ತು ಗಂಟೆಗೆ ರಸ್ತೆ ತೆರೆಯಿತು, ದಿಬ್ಬಣ ಹೊರಟಿತು. ಮುಹೂರ್ತಕ್ಕೆ ಸರಿಯಾಗಿ ತಲುಪಿದೆವೆಂದು ಮಧ್ಯಾಹ್ನ ಅವರೇ ಫೋನ್ ಮಾಡಿದರು. ಅಂದು ಸಂಜೆ ನಾನು ಬೋರ್ಡು ಮತ್ತೆ ಹಾಕಿದೆ, ಹನ್ನೊಂದು ನಿಯಮಗಳನ್ನು ಹರಿದೆ.

ಮುಂದಿನದಕ್ಕೆಲ್ಲ ಕಾರಣ ಕೊಡಬಲ್ಲೆ. ಟವೆಲು ಕಟ್ಟಿಕೊಂಡು ದೋಸೆ ತಿನ್ನುವ ಮದುಮಗನ ಫೋಟೋ ಎಲ್ಲರ ಫೋನಿಗೂ ಹೋಯಿತು. ಅವನೇ ಹದಿನೈದು ದಿನದಲ್ಲಿ ಹೆಂಡತಿಯನ್ನು ಕರೆದುಕೊಂಡು ಬಂದ. ಅವನ ಗೆಳೆಯರು ಬಂದರು, ಅವರ ಗೆಳೆಯರು ಬಂದರು. ಈಗ ಬರುವವರು ಮೊದಲು ಅಡುಗೆಮನೆಗೆ ಹೋಗುತ್ತಾರೆ, ಆಮೇಲೆ ಕೋಣೆ ನೋಡುತ್ತಾರೆ. ಹಾರ್ನಿನ ಸದ್ದಿನ ಬಗ್ಗೆ ಯಾರೂ ಬರೆಯುವುದಿಲ್ಲ.

ಆ ಅಕ್ಕಿಗೆ ಮಾತ್ರ ಕಾರಣ ಸಿಕ್ಕಿಲ್ಲ. ನಿದ್ದೆಗಣ್ಣಿನಲ್ಲಿ ನಾನೇ ಮಾಡಿರಬೇಕು ಎಂದು ಮಗಳು ಹೇಳುತ್ತಾಳೆ. ಇರಬಹುದು. ಆದರೆ ನಿದ್ದೆಯಲ್ಲಿ ಏಣಿ ಹತ್ತುವ ಮೊಣಕಾಲು ಎಚ್ಚರದಲ್ಲಿ ಯಾಕೆ ಹತ್ತುವುದಿಲ್ಲ? ಹತ್ತಿತೆಂದೇ ಇಟ್ಟುಕೊಳ್ಳೋಣ. ಮರುದಿನ ಲಾರಿ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಡ್ರೈವರ್ ಎಷ್ಟು ಹೊತ್ತಿಗೆ ಹಿಂದೆ ಬರುತ್ತಾನೆ ಎಂದು ಮಲಗಿದವನಿಗೆ ಹೇಗೆ ಗೊತ್ತು? ಆ ಚೀಟಿಯನ್ನು ಪಾಸ್‌ಪೋರ್ಟಿನಲ್ಲಿ, ಬಳಸದೆ ಉಳಿದ ವೀಸಾದ ಜೊತೆ ಇಟ್ಟಿದ್ದೇನೆ. ಆಗಾಗ ತೆಗೆದು ನೋಡುತ್ತೇನೆ. ಅಕ್ಷರ ನನ್ನದೇ.

ಒಬ್ಬಳ ಮೇಲೆ ನನಗೆ ಸಣ್ಣ ಅನುಮಾನ ಇತ್ತು, ಮುಚ್ಚಿಡುವುದಿಲ್ಲ. ಮೊನ್ನೆ ಸಂಜೆ ಮೈಮೂನಾ ಅಕ್ಕಿ ಅಳೆಯುತ್ತಿದ್ದಾಗ ಮತ್ತೆ ಕೇಳಿದೆ, "ನಿಜ ಹೇಳು, ಅವತ್ತು ಅದನ್ನು ಹಾಕಿದ್ದು ನೀನಲ್ವಾ?"

ಅವಳು ಕುಡ್ತೆಯ ಅಕ್ಕಿಯನ್ನು ಪಾತ್ರೆಗೆ ಸುರಿದಳು. ಆಮೇಲೆ ಹೇಳಿದಳು, "ಅಕ್ಕಿ ನೆನೆ ಹಾಕಿ ನಿಮ್ಮನ್ನು ನಿಲ್ಲಿಸ್ಲಿಕ್ಕೆ ಆಗ್ತದೆ ಅಂತ ನನಗೆ ಗೊತ್ತಿದ್ದಿದ್ರೆ, ಇಪ್ಪತ್ತೆರಡು ವರ್ಷ ಮೊದಲೇ ಹಾಕ್ತಿರ್ಲಿಲ್ವಾ?"