ಗೋಡೆಯಾಚೆ ಕೇಳಿದ ರೊಟ್ಟಿ

ನನ್ನ ಮೂರನೇ ರೊಟ್ಟಿಯೂ ಮಣೆಯ ಮೇಲೆ ಹರಿದುಹೋಗುವ ಹೊತ್ತಿಗೆ ಯಾರೋ ದಬದಬ ಬಾಗಿಲು ಬಡಿದರು. ತೆರೆದರೆ ಪಕ್ಕದ ಮನೆಯ ಕಸ್ತೂರಬಾಯಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ.

“ಏನ್ರಿ ಟೀಚರ್, ರೊಟ್ಟಿ ಬಡಿಲಾಕತ್ತೀರೋ, ಗೋಡಿ ಕೆಡವಲಾಕತ್ತೀರೋ?”

ಶಾಲೆಯ ಕೆಲಸಕ್ಕೆಂದು ಮೈಸೂರಿನಿಂದ ಭಾಲ್ಕಿಗೆ ಬಂದು ಆಗಿನ್ನೂ ಎರಡು ತಿಂಗಳು. ‘ಆ ಕಡೆಯವರು ಒರಟು, ಹುಷಾರು’ ಎಂದು ನಮ್ಮವರು ಹೆದರಿಸಿ ಕಳಿಸಿದ್ದರು. ಇಲ್ಲಿ ನೋಡಿದರೆ, ‘ಮೈಸೂರಿನವರಿಗೆ ಅನ್ನ ಬಿಟ್ಟರೆ ಇನ್ನೇನು ಬರುತ್ತದೆ’ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ಆ ಹಟಕ್ಕೇ ಬಾಗಿಲು ಹಾಕಿಕೊಂಡು, ಯಾರಿಗೂ ಗೊತ್ತಾಗದಂತೆ ಜೋಳದ ಹಿಟ್ಟಿನ ಜೊತೆ ಗುದ್ದಾಡುತ್ತಿದ್ದೆ. ಈ ಓಣಿಯ ಹೆಂಗಸರು ರೊಟ್ಟಿಯನ್ನು ಕಿವಿಯಿಂದಲೇ ಪರೀಕ್ಷೆ ಮಾಡುತ್ತಾರೆಂದು ನನಗೇನು ಗೊತ್ತು?

ಕಸ್ತೂರಬಾಯಿ ಹೇಳದೆ ಕೇಳದೆ ಒಳಗೆ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಮಣೆ ಎಳೆದುಕೊಂಡರು. “ಕೈ ಹಗುರ ಇರ್ಲಿರಿ. ಪಾಪ, ಆ ಹಿಟ್ಟು ನಿಮಗ ಏನ್ ಮಾಡ್ಯಾದ?” ಎನ್ನುತ್ತಲೇ ಪಟಪಟ ಒಂದೇ ತಾಳದಲ್ಲಿ ತಟ್ಟೆಯಗಲದ ರೊಟ್ಟಿ ಬಡಿದರು. ಆಮೇಲೆ ದಿನವೂ ಗೋಡೆಯಾಚೆಯಿಂದ ಬಂದು ತಿದ್ದತೊಡಗಿದರು.

ಕಳೆದ ವಾರ ನನ್ನ ರೊಟ್ಟಿ ಮೊದಲ ಸಲ ಸರಿಯಾಗಿ ಬಂತು. ತಿದ್ದಲು ಯಾರೂ ಬರಲಿಲ್ಲ. ಗೆದ್ದೆ ಅಂದುಕೊಂಡರೂ ಮನೆ ಬಿಕೋ ಅನ್ನಿಸಿತು. ಮರುದಿನ ಬೇಕೆಂದೇ ತಾಳ ತಪ್ಪಿಸಿ ಧಡಧಡ ಬಡಿದೆ. ಬಾಗಿಲು ಹಾಕಿರಲಿಲ್ಲ, ಕಸ್ತೂರಬಾಯಿ ಬೈಯುತ್ತಲೇ ಸೀದಾ ಒಳಗೆ ಬಂದರು.